ಬೈಸಿಕೊಳ್ಳುವ ಇಲಿ, ಕಣ್ಣಿಗೇ ಬೀಳದ ಗಿಡ

ನಮಸ್ಕಾರ. ಇವತ್ತಿನ ವಿಡಿಯೋದಲ್ಲಿ ಎರಡು ಜೀವಿಗಳನ್ನು ಪಕ್ಕಪಕ್ಕ ಇಟ್ಟು ಮಾತಾಡೋಣ. ಒಂದು ಇಲಿ. ಇನ್ನೊಂದು ಲಿವರ್‌ವರ್ಟ್ ಅನ್ನುವ ಪುಟ್ಟ ಗಿಡ. ಎರಡರಲ್ಲೂ ಕೆಲವು ಜಾತಿಗಳು ಅಳಿವಿನ ಅಂಚಿನಲ್ಲಿವೆ. ಎರಡಕ್ಕೂ ಹುಲಿಯ ಗತ್ತಿಲ್ಲ, ಆನೆಯ ಅಭಿಮಾನಿಗಳಿಲ್ಲ. ಇಲಿಯ ಫೋಟೋ ತೋರಿಸಿದರೆ ಜನ ‘ಛೀ’ ಅನ್ನುತ್ತಾರೆ. ಲಿವರ್‌ವರ್ಟ್ ಫೋಟೋ ತೋರಿಸಿದರೆ ‘ಎಲ್ಲಿದೆ?’ ಅನ್ನುತ್ತಾರೆ. ಇಬ್ಬರಲ್ಲಿ ಯಾರ ಪರಿಸ್ಥಿತಿ ಜಾಸ್ತಿ ಕೆಟ್ಟದ್ದು ಅಂತ ಕೇಳಿದರೆ, ನನ್ನ ಉತ್ತರ ಲಿವರ್‌ವರ್ಟ್. ‘ಛೀ’ ಅನ್ನಿಸಿಕೊಳ್ಳುವವನಿಗೆ ಕೊನೇ ಪಕ್ಷ ಒಂದು ಹಾಜರಿ ಇದೆ.

ಮೊದಲು ಈ ಗಿಡದ ಪರಿಚಯ ಮಾಡಿಕೊಡಬೇಕು. ಇಲಿಗೆ ಪರಿಚಯ ಬೇಡ, ಅಲ್ವಾ?

ಮಳೆಗಾಲದಲ್ಲಿ ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ಕಡೆ ಹೋಗಿ. ರಸ್ತೆಗಾಗಿ ಗುಡ್ಡ ಕಡಿದ ಜಾಗದಲ್ಲಿ ಕೆಂಪು ಕಲ್ಲಿನ ಗೋಡೆ ಇರುತ್ತದೆ, ಅದರಿಂದ ನೀರು ಒಸರುತ್ತಿರುತ್ತದೆ. ಗೋಡೆ ತುಂಬ ಹಸಿರು. ನಾವು ಅದನ್ನೆಲ್ಲ ಒಟ್ಟಾಗಿ ‘ಪಾಚಿ’ ಅಂದು, ಜಾರುತ್ತದೆ ಹುಷಾರು ಅಂತ ಹೇಳಿ ಮುಂದೆ ಹೋಗುತ್ತೇವೆ. ಒಂದು ನಿಮಿಷ ನಿಂತು ಮುಖ ಹತ್ತಿರ ತಂದು ನೋಡಿ. ಸಣ್ಣ ಎಲೆಗಳು ಒತ್ತೊತ್ತಾಗಿ ಎದ್ದು ನಿಂತಿದ್ದರೆ ಅದು ಮಾಸ್. ಅದರ ಪಕ್ಕದಲ್ಲೇ ಕಲ್ಲಿಗೆ ಚಪ್ಪಟೆಯಾಗಿ ಅಂಟಿಕೊಂಡು, ತುದಿಯಲ್ಲಿ ಎರಡಾಗಿ ಕವಲೊಡೆದು, ಮತ್ತೆ ಎರಡಾಗಿ ಕವಲೊಡೆದು ಹರಡುವ ಹಸಿರು ಪಟ್ಟಿ ಇದ್ದರೆ ಅದು ಲಿವರ್‌ವರ್ಟ್. ಬೇರಿಲ್ಲ, ಕಾಂಡವಿಲ್ಲ, ಹೂವಿಲ್ಲ, ಬೀಜವಿಲ್ಲ. ಅಡಿಯಲ್ಲಿ ಕೂದಲೆಳೆಯಂಥ ತಂತುಗಳು ಮಾತ್ರ, ಕಲ್ಲು ಹಿಡಿದುಕೊಳ್ಳಲು. ನೀರು ಕುಡಿಯುವುದು ಹೆಚ್ಚಾಗಿ ಮೈಯಿಂದಲೇ. ಎಲ್ಲವೂ ಹೀಗೆ ಪಟ್ಟಿಯಾಗಿಯೇ ಇರುವುದಿಲ್ಲ, ಎಳೆಯಂಥ ಕಾಂಡದ ಮೇಲೆ ಸಾಲಾಗಿ ಎಲೆ ಜೋಡಿಸಿಕೊಂಡವೇ ಹೆಚ್ಚು. ಆದರೆ ಗುರುತು ಹಿಡಿಯುವುದು ಪಟ್ಟಿಯಿಂದ ಶುರು ಮಾಡುವುದು ಸುಲಭ.

ಇದರಲ್ಲಿ ಮಾರ್ಕಾಂಷಿಯಾ ಅಂತ ಒಂದಿದೆ. ಭೂತಗನ್ನಡಿ ಹಿಡಿದರೆ ಮೈಮೇಲೆಲ್ಲ ಸಣ್ಣ ಸಣ್ಣ ಕೋಣೆಗಳ ಗೆರೆ, ಪ್ರತಿ ಕೋಣೆಯ ಮಧ್ಯೆ ಒಂದು ಚುಕ್ಕೆ. ಆ ಚುಕ್ಕೆಯೇ ಗಾಳಿಗೆ ಬಾಗಿಲು. ಪಟ್ಟಿಯ ಮೇಲೆ ಅಲ್ಲಲ್ಲಿ ಪುಟ್ಟ ಬಟ್ಟಲುಗಳು, ಅಂಚಿಗೆ ಹಲ್ಲು ಹಲ್ಲು. ಒಳಗೆ ಹಸಿರು ಬಿಲ್ಲೆಗಳು. ಮಳೆಹನಿ ಸರಿಯಾಗಿ ಬಟ್ಟಲಿಗೇ ಬಿದ್ದರೆ ಬಿಲ್ಲೆಗಳು ಹೊರಗೆ ಚಿಮ್ಮುತ್ತವೆ, ಬಿದ್ದಲ್ಲಿ ಹೊಸ ಗಿಡ ಆಗುತ್ತವೆ. ಹಬ್ಬಲು ಹಕ್ಕಿ ಬೇಡ, ಜೇನು ಬೇಡ. ಹನಿ ಸಾಕು. ಇನ್ನೊಂದು ಸೈಯಾಥೋಡಿಯಂ. ಘಟ್ಟದ ಕಡೆ ಮಳೆಗಾಲದಲ್ಲಿ ಗುಹೆಯ ಬಾಯಿಯಲ್ಲೋ ಕತ್ತಲೆಯ ಒದ್ದೆ ಗೋಡೆಯ ಮೇಲೋ ಹುಟ್ಟುತ್ತದೆ. ಮೈ ಎಷ್ಟು ತೆಳು ಅಂದರೆ ಒಂದೆರಡು ಪದರ ಜೀವಕೋಶ ಅಷ್ಟೇ. ಓರೆಯಾಗಿ ಬೆಳಕು ಬಿದ್ದಾಗ ಹಳದಿ ಹಸಿರಾಗಿ ಹೊಳೆಯುತ್ತದೆ. ನೋಡಿದವರು ಯಾರೋ ಬಣ್ಣ ಬಳಿದಿದ್ದಾರೆ ಅಂದುಕೊಳ್ಳಬೇಕು, ಹಾಗೆ.

ಇವು ನೆಲಕ್ಕೆ ಬಂದ ಮೊದಲ ಗಿಡಗಳ ಕುಲದವು, 40 ಕೋಟಿ ವರ್ಷಕ್ಕೂ ಹಿಂದಿನ ಮನೆತನ. ಪ್ರಪಂಚದಲ್ಲಿ ಒಟ್ಟು 7,000ಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ದೇಶದಲ್ಲಿ ಇವುಗಳ ಅಧ್ಯಯನಕ್ಕೆ ತಳಪಾಯ ಹಾಕಿದವರು ಲಾಹೋರಿನ ಶಿವರಾಮ ಕಶ್ಯಪ್. ಹೋದ ಶತಮಾನದ ಮೊದಲ ಭಾಗದಲ್ಲಿ ಹಿಮಾಲಯ ಅಲೆದು ಹಲವು ಹೊಸ ಲಿವರ್‌ವರ್ಟ್‌ಗಳಿಗೆ ಹೆಸರಿಟ್ಟವರು.

ಈಗ ಇಲಿ. ನಾನು ಆರಿಸಿಕೊಂಡಿರುವುದು ನಮ್ಮ ನೆರೆಯದನ್ನೇ. ಹೈವೇ ಹಿಡಿದು ಪುಣೆಗೆ ಹೋಗುವ ಬೆಳಗಾವಿಯವರಿಗೆ ಸಿಂಹಗಡ ಗೊತ್ತು. 1670ರಲ್ಲಿ ತಾನಾಜಿ ಮಾಲುಸರೆ ಹೋರಾಡಿ ಸತ್ತ ಕೋಟೆ. ಅದರ ಹಳೇ ಹೆಸರು ಕೊಂಢಾಣಾ. ಭಾನುವಾರ ಅಲ್ಲಿ ಜಾತ್ರೆ. ಮೇಲೆ ಹತ್ತಿ ಪಿಠ್ಲ ಭಾಕರಿ, ಕಾಂದಾ ಭಜಿ, ಮಡಕೆ ಮೊಸರು ತಿಂದು ಸೆಲ್ಫಿ ತೆಗೆದುಕೊಂಡು ಇಳಿಯುತ್ತಾರೆ. ಆ ಜನ ಕೂತು ಊಟ ಮಾಡುವ ಗುಡ್ಡದ ನೆತ್ತಿಯಲ್ಲೇ, ಹುಲ್ಲು ಪೊದೆಗಳ ಬುಡದಲ್ಲಿ, ಬಿಲ ತೋಡಿಕೊಂಡು ಒಂದು ಇಲಿ ಇದೆ. ಮಿಲ್ಲಾರ್ಡಿಯಾ ಕೊಂಡಾನಾ. ಮೆತ್ತನೆ ಕೂದಲಿನ ಕಂದು ಇಲಿ, ರಾತ್ರಿ ಓಡಾಟ. 1975ರಲ್ಲಿ ಇದೇ ಕೋಟೆಯಿಂದ ವಿಜ್ಞಾನಕ್ಕೆ ಪರಿಚಯ ಆಯಿತು. ಬಹಳ ಕಾಲ ಇದೊಂದೇ ಗುಡ್ಡ ಇದರ ವಿಳಾಸ ಆಗಿತ್ತು. ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರ ಅಂತ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಅಪಾಯ ಇರುವವುಗಳ ಸಾಲಿನಲ್ಲಿದೆ. ಕಾರಣ ಬೇಟೆ ಅಲ್ಲ. ದನ ಮೇಯಿಸುವುದು, ತುಳಿತ, ಪ್ರವಾಸ.

ಇದನ್ನು ಅಥಣಿ ಕಡೆಯ ನಮ್ಮ ಕಾಕಾನ ಮುಂದೆ ಹೇಳಿದೆ. ಅವರದು ಕಬ್ಬಿನ ಹೊಲ. ‘ತಮ್ಮಾ, ಇಲಿ ಉಳಸಾಕ ಹೊಂಟೀಯೇನ? ನಮ್ಮ ಹೊಲಕ್ಕ ಬಾ, ಚೀಲ ತುಂಬಿ ಕೊಡ್ತೀನಿ’ ಅಂದರು.

ನಗು ಬಂತು. ಆದರೆ ಕಾಕಾನ ಮಾತಿನಲ್ಲಿ ಒಂದು ಅಂಶ ಇದೆ. ಕಬ್ಬು ತಿನ್ನುವ ಇಲಿಗಳಲ್ಲಿ ಮಿಲ್ಲಾರ್ಡಿಯಾ ಮೆಲ್ಟಾಡಾ ಒಂದು. ಕೊಂಡಾನಾ ಇಲಿಯ ಖಾಸಾ ಬಂಧು. ಹೊಲದಲ್ಲಿರುವುದಕ್ಕೆ ಜೋಳದ ನುಚ್ಚಿನಲ್ಲಿ ಜಿಂಕ್ ಫಾಸ್ಫೈಡ್ ಕಲಸಿ ಇಡುತ್ತೇವೆ, ಕೋಟೆಯ ಮೇಲಿರುವುದನ್ನು ಉಳಿಸಿ ಅನ್ನುತ್ತೇವೆ. ರೈತನಿಗೆ ಇದು ವಿಚಿತ್ರ ಅನ್ನಿಸಿದರೆ ತಪ್ಪೇನು? ಕಾಕಾ ಬೆಳೆ ಉಳಿಸಿಕೊಳ್ಳುವುದು ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ನಾನು ನೋಡುತ್ತಿರುವುದು ಬೇರೆ: ಕಾಕಾನಿಗೆ ಇಲಿಯ ವಿಷಯ ಎಷ್ಟು ಗೊತ್ತು ಅಂತ. ಯಾವುದು ಹೆಗ್ಗಣ, ಯಾವುದು ಸಣ್ಣಿಲಿ, ಯಾವ ಬಿಲಕ್ಕೆ ಎಷ್ಟು ಬಾಯಿ, ಯಾವ ತಿಂಗಳಲ್ಲಿ ಮರಿ, ಒಂದು ಸಲ ಮದ್ದಿನ ರುಚಿ ಕಂಡ ಇಲಿ ಮತ್ತೆ ಯಾಕೆ ಮುಟ್ಟುವುದಿಲ್ಲ. ವಿಷ ಕಲಸುವ ಮೊದಲು ಬರೀ ಕಾಳು ಇಟ್ಟು ರೂಢಿ ಮಾಡಿಸಬೇಕು ಅನ್ನುವ ಉಪಾಯವೂ ಅವರಿಗೆ ಗೊತ್ತು. ಸಿಟ್ಟಿನಿಂದ ಬಂದ ವಿದ್ಯೆ ಇದು.

ಇದು ಕಾಕಾನೊಬ್ಬರ ಕಥೆ ಅಲ್ಲ. ಪ್ಲೇಗ್ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದನ್ನು ನಮ್ಮ ಕಡೆಯ ಹಿರಿಯರು ಹೇಳುತ್ತಿದ್ದರು. 1896ರಲ್ಲಿ ಮುಂಬಯಿಗೆ ಬಂದ ಆ ರೋಗ ಆಮೇಲಿನ ವರ್ಷಗಳಲ್ಲಿ ಇಡೀ ಮುಂಬಯಿ ಪ್ರಾಂತ್ಯವನ್ನು ಅಲ್ಲಾಡಿಸಿತು, ಬೆಳಗಾವಿಯನ್ನೂ ಬಿಡಲಿಲ್ಲ. ಆ ಭಯದಲ್ಲೇ ಸರಕಾರ ಇಲಿ ಹಿಡಿಸಿತು, ಅದರ ಮೈಮೇಲಿನ ಚಿಗಟ ಪರೀಕ್ಷೆ ಮಾಡಿಸಿತು, ಊರೂರಿನ ಇಲಿಗಳ ಲೆಕ್ಕ ಇಟ್ಟಿತು. ಇಲಿಯ ಮೇಲೆ ಪ್ರೀತಿಯಿಂದ ಅಲ್ಲ, ಹೆದರಿಕೆಯಿಂದ. ಆದರೂ ಲೆಕ್ಕ ಲೆಕ್ಕವೇ. ಇನ್ನು ಚೌತಿಯ ಮರುದಿನ ಇಲಿವಾರ ಮಾಡುವ ಮನೆಗಳೂ ನಮ್ಮಲ್ಲಿವೆ. ಒಂದು ಕೈಯಲ್ಲಿ ಬೋನು, ಇನ್ನೊಂದು ಕೈಯಲ್ಲಿ ಎಡೆ. ಲಿವರ್‌ವರ್ಟ್‌ಗೆ ಎರಡೂ ಇಲ್ಲ.

ಕಾನೂನು ಏನು ಹೇಳುತ್ತದೆ ನೋಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಐದನೇ ಅನುಸೂಚಿ ಅಂತ ಒಂದಿತ್ತು. ಉಪದ್ರವಿ ಪ್ರಾಣಿಗಳ ಪಟ್ಟಿ. ಕಾಗೆ, ಹಣ್ಣು ತಿನ್ನುವ ಬಾವಲಿ, ಜೊತೆಗೆ ಇಲಿ, ಹೆಗ್ಗಣ. ಯಾವ ಇಲಿ ಅಂತ ಬಿಡಿಸಿ ಬರೆದಿರಲಿಲ್ಲ. ಹಾಗಾಗಿ ಜಗತ್ತಿನಲ್ಲಿ ಒಂದು ಗುಡ್ಡದ ಮೇಲೆ ಮಾತ್ರ ಇದೆ ಅಂತಿದ್ದ ಕೊಂಡಾನಾ ಇಲಿಯೂ ಅದೇ ಸಾಲಿನಲ್ಲಿ ನಿಲ್ಲಬೇಕಾಯಿತು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ತೆಗೆದರು, ಒಳ್ಳೆಯದಾಯಿತು. ಗಿಡಗಳಿಗೆ ಆರನೇ ಅನುಸೂಚಿ ಇತ್ತು. ಎಷ್ಟು ಹೆಸರು ಗೊತ್ತಾ? ಆರು. ಹೂಜಿ ಗಿಡ, ಒಂದು ಸೈಕಸ್, ಕುಷ್ಠ ಅನ್ನುವ ಔಷಧಿ ಗಿಡ, ಉಳಿದದ್ದು ಆರ್ಕಿಡ್‌ಗಳು. ಹತ್ತಾರು ವರ್ಷ ಇಷ್ಟೇ. ಇಲಿಯನ್ನು ಕಾನೂನು ಬೈದಾದರೂ ಬರೆದುಕೊಂಡಿತ್ತು. ಲಿವರ್‌ವರ್ಟ್‌ನ ನೆನಪೇ ಅದಕ್ಕೆ ಬರಲಿಲ್ಲ.

ಹಾಗಂತ ಕಾನೂನಿನಲ್ಲಿ ಹೆಸರು ಸೇರಿಸಿದರೆ ಕೆಲಸ ಮುಗಿಯಿತು ಅಂತ ನನಗೆ ಅನ್ನಿಸುವುದಿಲ್ಲ. ಕಾನೂನಿಗೆ ಅರ್ಥ ಆಗುವುದು ಹಿಡಿಯುವುದು, ಕೊಲ್ಲುವುದು, ಮಾರುವುದು. ಈ ಎರಡು ಜೀವಿಗಳನ್ನು ಯಾರೂ ಹಿಡಿದು ಮಾರುತ್ತಿಲ್ಲ. ಅವು ಇರುವ ಜಾಗ ಬದಲಾಗುತ್ತಿದೆ, ಅದರಿಂದ ಹೋಗುತ್ತಿವೆ.

ಲೆಕ್ಕದ ವಿಷಯಕ್ಕೆ ಬರುತ್ತೇನೆ, ನನಗೆ ತುಂಬಾ ಇಷ್ಟವಾದ ಭಾಗ ಇದು. ಇಲಿ ಎಣಿಸುವುದು ಕಷ್ಟ, ಆದರೆ ದಾರಿ ಇದೆ. ಸಂಜೆ ತಗಡಿನ ಡಬ್ಬಿ ಬೋನು ಸಾಲಾಗಿ ಇಡುತ್ತಾರೆ, ಒಳಗೆ ಶೇಂಗಾ, ಕೊಬ್ಬರಿ. ಬೆಳಿಗ್ಗೆ ಸಿಕ್ಕ ಇಲಿಗೆ ಗುರುತು ಮಾಡಿ ಬಿಡುತ್ತಾರೆ. ಮತ್ತೆ ಹಿಡಿದಾಗ ಗುರುತಿರುವವು ಎಷ್ಟು, ಇಲ್ಲದವು ಎಷ್ಟು ಅಂತ ನೋಡಿ ಒಟ್ಟು ಸಂಖ್ಯೆ ಅಂದಾಜು ಮಾಡುತ್ತಾರೆ. ಒಂದು ಇಲಿ ಅಂದರೆ ಒಂದು ಇಲಿ. ಅದರಲ್ಲಿ ಗೊಂದಲ ಇಲ್ಲ.

ಲಿವರ್‌ವರ್ಟ್‌ನಲ್ಲಿ ಒಂದು ಅಂದರೆ ಎಷ್ಟು? ಬಂಡೆಯ ಮೇಲೆ ಹರಡಿದ ಹಸಿರು ಒಂದೇ ಗಿಡವೋ, ಸಾವಿರ ಗಿಡವೋ? ಹಿಂದಿನ ತುದಿ ಸಾಯುತ್ತಾ ಹೋಗುತ್ತದೆ, ಮುಂದಿನ ಕವಲುಗಳು ಬೇರೆ ಬೇರೆ ಆಗುತ್ತವೆ. ಈಗ ಎರಡು ಗಿಡವಾಯಿತು ಅಂತ ಹೇಳಬೇಕಾ? ಬಟ್ಟಲಿನಿಂದ ಚಿಮ್ಮಿದ ಬಿಲ್ಲೆ ಮಗುವೋ, ತಾಯಿಯ ತುಂಡೋ? ಆದರೆ ಕೆಂಪು ಪಟ್ಟಿ ಹುಲಿಗೂ ಇದಕ್ಕೂ ಒಂದೇ ಪ್ರಶ್ನೆಪತ್ರಿಕೆ ಕೊಡುತ್ತದೆ: ಬೆಳೆದ ಜೀವಿಗಳು ಎಷ್ಟು? 50ಕ್ಕಿಂತ ಕಡಿಮೆ ಇದ್ದರೆ ತೀವ್ರ ಅಪಾಯ, 250ಕ್ಕಿಂತ ಕಡಿಮೆ ಇದ್ದರೆ ಅಪಾಯ. ಇದಕ್ಕೆ ಮಾಸ್, ಲಿವರ್‌ವರ್ಟ್ ತಜ್ಞರು ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ನೆಲ, ಬಂಡೆಯ ಮೇಲೆ ಬೆಳೆಯುವುದಾದರೆ ಅದು ಇರುವ ಒಂದು ಚದರ ಮೀಟರ್ ಜಾಗವನ್ನು ಒಂದು ಜೀವಿ ಅಂತ ಎಣಿಸಿ. ಮರದ ಮೇಲೆ ಬೆಳೆಯುವುದಾದರೆ ಒಂದು ಮರ ಅಂದರೆ ಒಂದು ಜೀವಿ.

ಇದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. 50 ಚದರ ಮೀಟರ್ ಅಂದರೆ 20×30 ಅಡಿಯ ಒಂದು ಸೈಟ್‌ಗಿಂತ ಸ್ವಲ್ಪ ಚಿಕ್ಕದು. ಒಂದು ಜಾತಿಯ ಅಳಿದುಳಿದ ಬದುಕೆಲ್ಲ ಆ ಸೈಟಿನೊಳಗೆ ಮುಗಿಯುತ್ತದೆ ಅಂದುಕೊಳ್ಳಿ. ರಸ್ತೆ ಅಗಲ ಮಾಡುವ ಜೆಸಿಬಿಗೆ ಅದು ಅರ್ಧ ದಿನದ ಕೆಲಸವೂ ಅಲ್ಲ. ಪುಣ್ಯಕ್ಕೆ ಆ ಕಾಡಿನ ಅಂಚಲ್ಲಿ ಕೆಂಪು ಬೋರ್ಡ್ ಇದ್ದರೂ ಅದರಲ್ಲಿ ಬರೆದಿರುವುದು ಹುಲಿ ಹೆಸರು.

ಮತ್ತೆ ಈ ಎಣಿಕೆಯನ್ನೂ ಮಾಡಿರುವುದು ಎಷ್ಟು ಜಾತಿಗೆ? ಸಸ್ತನಿಗಳಲ್ಲಿ ಹೆಸರಿರುವ ಬಹುತೇಕ ಎಲ್ಲವನ್ನೂ ಕೆಂಪು ಪಟ್ಟಿಯವರು ಒಂದಲ್ಲ ಒಂದು ಸಲ ನೋಡಿದ್ದಾರೆ. ಲಿವರ್‌ವರ್ಟ್‌ಗಳಲ್ಲಿ ನೋಡಿರುವುದು ಸ್ವಲ್ಪವೇ. ಯುರೋಪಿನವರು ಕೂತು ತಮ್ಮ ಮಾಸ್, ಲಿವರ್‌ವರ್ಟ್‌ಗಳನ್ನೆಲ್ಲ ಪರಿಶೀಲಿಸಿ 2019ರಲ್ಲಿ ವರದಿ ಕೊಟ್ಟರು. ಸುಮಾರು 1,800 ಜಾತಿ, ಅದರಲ್ಲಿ ಶೇಕಡಾ 22ಕ್ಕಿಂತ ಹೆಚ್ಚು ಅಪಾಯದಲ್ಲಿವೆ. ಐದರಲ್ಲಿ ಒಂದು. ನೋಡಿದ ಮೇಲೆ ಗೊತ್ತಾದದ್ದು ಇದು.

ಒಂದು ಉದಾಹರಣೆ ಕೊಡುತ್ತೇನೆ. ಈಕ್ವೆಡಾರ್ ದೇಶದಲ್ಲಿ ಟೋಪೋ ಅಂತ ಒಂದು ನದಿ. ಆಂಡೀಸ್ ಬೆಟ್ಟದಿಂದ ರಭಸವಾಗಿ ಇಳಿಯುತ್ತದೆ. 1857ರಲ್ಲಿ ರಿಚರ್ಡ್ ಸ್ಪ್ರೂಸ್ ಅನ್ನುವ ಇಂಗ್ಲಿಷ್ ಸಸ್ಯವಿಜ್ಞಾನಿ ಆ ನದಿ ದಾಟಲಾಗದೆ ದಡದಲ್ಲಿ ಸಿಕ್ಕಿಹಾಕಿಕೊಂಡ. ನೀರು ಇಳಿಯುವ ತನಕ ಕಾಯಬೇಕು. ಕಾಯುತ್ತಾ ಕೂತವನಿಗೆ ದಡದ ಪೊದೆಗಳ ಕಡ್ಡಿಯ ಮೇಲೆ ಒಂದು ಲಿವರ್‌ವರ್ಟ್ ಸಿಕ್ಕಿತು. ಮಿರಿಯೊಕೊಲಿಯಾ ಇರೊರಾಟಾ. (ಇದೇ ಸ್ಪ್ರೂಸ್ ಮುಂದೆ ಸಿಂಕೋನಾ ಬೀಜ ಸಂಗ್ರಹಿಸಿ ಕಳಿಸಿದವನು. ನೀಲಗಿರಿಯ ಕ್ವಿನೈನ್ ತೋಟಗಳ ಕಥೆಯಲ್ಲಿ ಅವನೂ ಬರುತ್ತಾನೆ.) ಆಮೇಲೆ 2002ರ ತನಕ ಆ ಗಿಡವನ್ನು ಯಾರೂ ನೋಡಲಿಲ್ಲ. 145 ವರ್ಷ! ಮತ್ತೆ ಸಿಕ್ಕಿದ್ದೂ ಅದೇ ನದಿಯ ದಡದಲ್ಲಿ, ಪ್ರವಾಹ ಬಂದಾಗ ಮುಳುಗಿ ಎದ್ದೇಳುವ ಪೊದೆಗಳ ಮೇಲೆ. ಅದೇ ನದಿಗೆ ಜಲವಿದ್ಯುತ್ ಯೋಜನೆಯೂ ಬಂತು.

ಈ ಗಿಡಕ್ಕೆ ಬೇಕಾದದ್ದು ನೋಡಿ. ನೀರು ಇರಬೇಕು ಅಂತ ಮಾತ್ರ ಅಲ್ಲ. ಏರಬೇಕು, ಇಳಿಯಬೇಕು, ಪೊದೆಯನ್ನು ಮುಳುಗಿಸಬೇಕು, ಮತ್ತೆ ಬಿಡಬೇಕು. ಅಣೆಕಟ್ಟು ಕಟ್ಟಿ ‘ನದಿಯಲ್ಲಿ ಇಂತಿಷ್ಟು ನೀರು ಬಿಡುತ್ತೇವೆ’ ಅಂದರೆ ಮೀನಿಗೆ ಸಾಕಾಗಬಹುದು, ಇದಕ್ಕೆ ಸಾಲುವುದಿಲ್ಲ.

ಸ್ಪ್ರೂಸ್ ಈ ಗಿಡಗಳ ಬಗ್ಗೆ ಹೇಳಿದ್ದು ನನಗೆ ಹಿಡಿಸಿತು. ಇವು ಮನುಷ್ಯನಿಗೆ ಊಟವಲ್ಲ, ಮದ್ದಲ್ಲ, ಆದರೆ ಇರುವ ಜಾಗಕ್ಕೆ ಉಪಯೋಗ ಇದೆ, ತಮ್ಮಷ್ಟಕ್ಕೆ ಚೆಂದ ಇವೆ ಅನ್ನುವ ಅರ್ಥದಲ್ಲಿ ಬರೆದ. ಕ್ಯಾನ್ಸರ್‌ಗೆ ಔಷಧಿ ಸಿಗಬಹುದು ಅಂತ ಆಸೆ ತೋರಿಸಿ ಗಿಡ ಉಳಿಸಿ ಅನ್ನುವವರಿಗಿಂತ ಇದು ಪ್ರಾಮಾಣಿಕ ಮಾತು.

ಇಲಿಯ ಕಡೆಯಿಂದಲೂ ಒಂದು ಕಥೆ ಇದೆ, ಅದು ಮುಗಿದ ಕಥೆ. ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿ, ಪಪುವಾ ನ್ಯೂಗಿನಿ ಹತ್ತಿರ, ಬ್ರಾಂಬಲ್ ಕೇ ಅಂತ ಮರಳಿನ ದ್ವೀಪ. ಸುಮಾರು ಹತ್ತು ಎಕರೆ. ಅತಿ ಎತ್ತರದ ಜಾಗವೇ ಸಮುದ್ರದಿಂದ ಮೂರು ಮೀಟರ್. ಅಲ್ಲಿ ಮೆಲೊಮಿಸ್ ಅನ್ನುವ ಇಲಿ ಇತ್ತು, ಬೇರೆಲ್ಲೂ ಇರಲಿಲ್ಲ. ಉಪ್ಪು ನೀರು ಮತ್ತೆ ಮತ್ತೆ ನುಗ್ಗಿ ಸೊಪ್ಪು ಸದೆಯೆಲ್ಲ ಹೋಯಿತು. 2009ರಲ್ಲಿ ಕೊನೇ ಸಲ ಕಂಡಿತು. 2014ರಲ್ಲಿ ಬೋನು ಇಟ್ಟು ಹುಡುಕಿದರು, ಒಂದೂ ಸಿಗಲಿಲ್ಲ. 2019ರಲ್ಲಿ ಅಲ್ಲಿನ ಸರಕಾರ ‘ಅಳಿದುಹೋಯಿತು’ ಅಂತ ಬರೆದು ಕೈತೊಳೆದುಕೊಂಡಿತು. ಹವಾಮಾನ ಬದಲಾವಣೆಯಿಂದ ಅಳಿದ ಮೊದಲ ಸಸ್ತನಿ ಅಂತ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಅದನ್ನು ಉಳಿಸಲು 2008ರಲ್ಲೇ ಯೋಜನೆ ಬರೆದಿದ್ದರು. ನಾಲ್ಕು ಜೋಡಿ ಹಿಡಿದು ತಂದು ಸಾಕಿದ್ದರೆ? ಇಲಿ ಸಾಕುವುದು ಯಾವ ಬ್ರಹ್ಮವಿದ್ಯೆ?

ಇಲ್ಲಿ ಒಂದು ವ್ಯತ್ಯಾಸ ಇದೆ, ಅದು ಲಿವರ್‌ವರ್ಟ್ ಪರವಾಗಿದೆ. ಕೊನೆಯ ಇಲಿ ಸತ್ತರೆ ಮುಗಿಯಿತು. ಲಿವರ್‌ವರ್ಟ್ ಅಷ್ಟು ಬೇಗ ಸೋಲುವುದಿಲ್ಲ. ಬೆರಳುಗುರಿನಷ್ಟು ತುಂಡು ಇದ್ದರೂ ಮತ್ತೆ ಬೆಳೆಯಬಲ್ಲದು. ರಿಕ್ಸಿಯಾದಂಥವು ಬೇಸಿಗೆಯಲ್ಲಿ ಒಣಗಿ ಸುರುಟಿಕೊಂಡು ಬಿದ್ದಿರುತ್ತವೆ, ಮಳೆ ಬಿದ್ದರೆ ಮೈ ಬಿಡಿಸುತ್ತವೆ. ಬೀಜ ಇಲ್ಲದಿದ್ದರೂ ಧೂಳಿನಂಥ ಬೀಜಕಣಗಳು (ಸ್ಪೋರ್) ಇವೆ, ಅವು ಮಣ್ಣಿನಲ್ಲಿ ಕಾದಿರುತ್ತವೆ. ಗಾಜಿನ ಬಾಟಲಿಯಲ್ಲಿ ಬೆಳೆಸಿ ಇಡಬಹುದು, ಒಂದು ಕಾಲೇಜಿನ ಲ್ಯಾಬ್ ಸಾಕು. ಉಳಿಸುವುದು ಇಲಿಗಿಂತ ಅಗ್ಗ. ಉಳಿಸಬೇಕು ಅಂತ ಅನ್ನಿಸುವುದೇ ದುಬಾರಿ.

ಈಗ ನಮ್ಮ ಜಿಲ್ಲೆಗೆ ಬರೋಣ. ಬೆಳಗಾವಿ ಜಿಲ್ಲೆಯ ವಿಚಿತ್ರ ನಿಮಗೆ ಗೊತ್ತೇ ಇದೆ. ಖಾನಾಪುರ ತಾಲ್ಲೂಕಿನ ಆಮಗಾಂವ್‌ನಲ್ಲಿ 2010ರಲ್ಲಿ ಮಳೆ 10,000 ಮಿಲಿಮೀಟರ್ ದಾಟಿತ್ತು. ಅದೇ ಜಿಲ್ಲೆಯ ಅಥಣಿಯಲ್ಲಿ ವರ್ಷಕ್ಕೆ 600 ಬಿದ್ದರೆ ಖುಷಿ. ಒಂದು ತುದಿ ಇಲಿಯ ಸೀಮೆ, ಇನ್ನೊಂದು ತುದಿ ಲಿವರ್‌ವರ್ಟ್ ಸೀಮೆ. ನಾವು ಮಾತಾಡುವುದೆಲ್ಲ ಮೊದಲನೆಯ ಸೀಮೆಯ ಬಗ್ಗೆ, ಯಾಕಂದರೆ ದುಡ್ಡು ಇರುವುದು ಕಬ್ಬಿನಲ್ಲಿ.

ಕಡೆಗಣಿಸಿದ ಜೀವಿಗೆ ಮರ್ಯಾದೆ ಸಿಗುವುದೇ ಇಲ್ಲ ಅಂತಲ್ಲ. ಭೀಮಗಡದ ಬಾರಾಪೆಡೆ ಗುಹೆಯ ಬಾವಲಿ ನೋಡಿ. ರಾಟನ್ಸ್ ಫ್ರೀ ಟೇಲ್ಡ್ ಬ್ಯಾಟ್. 1913ರಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು, ಬಹಳ ಕಾಲ ಈ ಗುಹೆ ಬಿಟ್ಟರೆ ಇನ್ನೆಲ್ಲೂ ಗೊತ್ತಿರಲಿಲ್ಲ. ಬಾವಲಿ ಅಂದರೆ ಅಪಶಕುನ ಅನ್ನುವ ಊರಿನಲ್ಲಿ ಅದೇ ಒಂದು ಹೆಮ್ಮೆಯಾಯಿತು. 2011ರಲ್ಲಿ ಭೀಮಗಡ ವನ್ಯಜೀವಿ ಧಾಮ ಆದಾಗ ಅದರ ಪರವಾಗಿ ಹೇಳಿದ ಕಾರಣಗಳಲ್ಲಿ ಈ ಬಾವಲಿಯೂ ಒಂದು. ಬೈಸಿಕೊಂಡವನು ಮೆರವಣಿಗೆಯಲ್ಲಿ ಕೂತ ಹಾಗಾಯಿತು. ಕೊಂಡಾನಾ ಇಲಿಗೂ ಹೀಗೆ ಆಗಬಹುದು ಅಂತ ನನಗೆ ನಂಬಿಕೆ ಇದೆ. ಕೋಟೆಯ ಹೆಸರು ಹೊತ್ತಿದೆ, ಕಣ್ಣು ಕಿವಿ ಇದೆ, ಯಾರಾದರೂ ಒಳ್ಳೇ ಫೋಟೋ ತೆಗೆದರೆ ಅರ್ಧ ಕೆಲಸ ಆಯಿತು.

ಅದೇ ಧಾಮದ ಹಳ್ಳಗಳ ದಡದಲ್ಲಿ ಎಷ್ಟು ಲಿವರ್‌ವರ್ಟ್ ಇರಬಹುದು? ಮಹದಾಯಿಯೂ ಮಲಪ್ರಭೆಯೂ ಹುಟ್ಟುವ ಸೀಮೆ ಅದು. ನೀರಿನ ಯೋಜನೆಗಳ ಬಗ್ಗೆ ನಾವು ಇಲ್ಲಿ ದಶಕಗಳಿಂದ ಜಗಳ ಆಡುತ್ತಿದ್ದೇವೆ. ಕುಡಿಯುವ ನೀರು ಬೇಡ ಅಂತ ನಾನು ಹೇಳುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಮನೆಯ ನಲ್ಲಿಯೂ ಖಾಲಿಯೇ. ಆದರೆ ಯಾವುದೇ ಯೋಜನೆಯ ಪರಿಸರ ವರದಿ ಬರಲಿ, ಹಿಂದಿನ ಪುಟಗಳ ಪಟ್ಟಿ ತೆಗೆದು ನೋಡಿ. ಮರ ಇರುತ್ತದೆ, ಹಕ್ಕಿ ಇರುತ್ತದೆ, ಸಸ್ತನಿಗಳ ಸಾಲಿನಲ್ಲಿ ಮನೆ ಇಲಿಯೂ ಇರುತ್ತದೆ. ಹಳ್ಳದ ನೀರು ಏರಿಳಿಯುವ ಆ ಒಂದು ಮಾರು ಅಗಲದ ಪಟ್ಟಿಯಲ್ಲಿ ಬಂಡೆಗೆ ಅಂಟಿಕೊಂಡದ್ದು ಏನು ಅಂತ ಒಂದು ಪುಟ ಕೇಳಿ. ಗೋಕಾಕ ಜಲಪಾತದ ಪಕ್ಕದಲ್ಲಿ 1887ರಲ್ಲೇ ವಿದ್ಯುತ್ ಮಾಡಲು ಶುರು ಮಾಡಿದವರು ನಾವು. ಅದಕ್ಕೂ ಮೊದಲು ಆ ತುಂತುರಿನಲ್ಲಿ ನೆನೆದ ಬಂಡೆಗಳ ಮೇಲೆ ಏನಿತ್ತು, ಯಾರನ್ನು ಕೇಳೋಣ?

ಇದಕ್ಕೆ ದೊಡ್ಡ ಹಣ ಬೇಡ. ಬೆಳಗಾವಿ, ಖಾನಾಪುರ, ಗೋಕಾಕದ ಡಿಗ್ರಿ ಕಾಲೇಜುಗಳಲ್ಲಿ ಬಾಟನಿ ಹುಡುಗರು ಮಾರ್ಕಾಂಷಿಯಾ, ರಿಕ್ಸಿಯಾ ಚಿತ್ರ ಬಿಡಿಸಿ ಪಾಸಾಗುತ್ತಾರೆ. ಜಾಡಿಯಲ್ಲಿ ಇಟ್ಟದ್ದನ್ನು ನೋಡಿರುತ್ತಾರೆ. ಅವರನ್ನು ಜುಲೈ ತಿಂಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡು ಕಣಕುಂಬಿ ಕಡೆಗೆ ಕರೆದುಕೊಂಡು ಹೋಗಲಿ. ಒಂದು ಮೀಟರ್ ಉದ್ದಗಲದ ಪೈಪಿನ ಚೌಕಟ್ಟು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಜಿಗಣೆಗೆ ಸ್ವಲ್ಪ ಉಪ್ಪು. ಅದೇ ಬಂಡೆಯ ಮೇಲೆ ಅದೇ ಚೌಕಟ್ಟು ಪ್ರತಿ ವರ್ಷ ಇಡಲಿ, ಫೋಟೋ ತೆಗೆಯಲಿ. ಚಾಕು ಹಾಕಿ ಕೆರೆದು ಚೀಲ ತುಂಬಿಕೊಂಡು ಬರುವುದು ಬೇಡ. ಗುರುತಿಗೆ ಬೇಕಾದರೆ ಉಗುರಿನಷ್ಟು ಸಾಕು, ಕಾಗದದ ಪೊಟ್ಟಣದಲ್ಲಿ, ಪ್ಲಾಸ್ಟಿಕ್‌ನಲ್ಲಿ ಹಾಕಿದರೆ ಕೊಳೆಯುತ್ತದೆ. ನೀವೂ ಹೋದರೆ, ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಅಳತೆ ಗೊತ್ತಾಗಲಿ. ತಾಲ್ಲೂಕು, ತಿಂಗಳು ಬರೆದು ನನಗೆ ಕಳಿಸಿ, ನಿಖರ ಜಾಗದ ಲೊಕೇಶನ್ ಮಾತ್ರ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ.

ಕಾಕಾ ಈ ವಿಡಿಯೋ ನೋಡಿದರೆ ಕೇಳುವ ಪ್ರಶ್ನೆ ನನಗೆ ಗೊತ್ತು: ಇದನ್ನ ಇಲಿ ತಿಂತೈತೇನ? ಈ ಗಿಡಗಳಲ್ಲಿ ಎಣ್ಣೆಯ ಅಂಶ ಇರುತ್ತದೆ ಕಾಕಾ, ರುಚಿ ಕಹಿ, ಖಾರ. ಬಸವನಹುಳು ಕೂಡ ಯೋಚನೆ ಮಾಡುತ್ತದೆ.